ಬಂದೂಕಿನ ಹಿಡಿಗೆ ಚೌಕುಳಿ

ಸೆಪ್ಟೆಂಬರ್ ಕೊನೆಯ ಭಾನುವಾರ ಬೆಳಿಗ್ಗೆ ಮಿಶಿಗನ್ನಿನ ಮಗನ ಮನೆಯಿಂದ ವಾಕಿಂಗ್ ಹೋದ ವಾಹಿದ್ ಸಾಹೇಬರು ಅರ್ಧ ಗಂಟೆಯಲ್ಲಿ ಬರಬೇಕಾದವರು ಒಂದೂವರೆ ಗಂಟೆ ಬಿಟ್ಟು ಬಂದರು. ತೋಳಿನ ಮೇಲೆ ಹಳೆಯ ಟವೆಲಿನ ಗಂಟು. ಎಳೆಗೂಸನ್ನು ಹಿಡಿದ ಹಾಗೆ ಹಿಡಿದಿದ್ದರು.

ಸೊಸೆ ಲುಬ್ನಾ ತವೆಯ ಮುಂದಿದ್ದಳು. ಹೆಂಡತಿ ನಜ್ಮುನ್ನೀಸಾ ಪರೋಟದ ಉಂಡೆ ಕಟ್ಟುತ್ತಿದ್ದರು. ಸಾಹೇಬರು ಗಂಟನ್ನು ಊಟದ ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಬಂದೂಕಿನ ಮರದ ಹಿಡಿ. ಕಬ್ಬಿಣ ಒಂದು ಚೂರೂ ಇಲ್ಲ. ಭುಜಕ್ಕೆ ಆನಿಸುವ ಅಗಲ ತುದಿಯಿಂದ ನಳಿಗೆ ಕೂರುವ ತೋಡಿನವರೆಗೆ ಬರೀ ಅಕ್ರೋಟು ಮರ.

ಮಹಡಿಯಿಂದ ಇಳಿಯುತ್ತಿದ್ದ ಮಗ ಹಮ್ಜಾ ಅರ್ಧ ಮೆಟ್ಟಿಲಲ್ಲೇ ನಿಂತ.

"ಏನಬ್ಬಾ ಅದು?"

"ಪಕ್ಕದ ಮನೆ ಡೇಲ್ ಸಾಹೇಬ್ರದ್ದು. ಅವರಪ್ಪನ ಕಾಲದ್ದಂತೆ."

"ಬಂದೂಕು ತಂದ್ರಾ ಮನೆಗೆ?"

"ಬಂದೂಕು ಎಲ್ಲಿದೆಯಪ್ಪ? ಹಿಡಿ ಮಾತ್ರ ಬಿಚ್ಚಿಸ್ಕೊಂಡು ತಂದೆ. ಬಾ ಇಲ್ಲಿ, ನೋಡು." ಸಾಹೇಬರು ಹಿಡಿಯ ಸೊಂಟದ ಮೇಲೆ ಹೆಬ್ಬೆರಳಾಡಿಸಿದರು. ಕೈ ಜಾರದಿರಲೆಂದು ಅಲ್ಲಿ ಸಣ್ಣ ಗೀರುಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಯಿಸಿ, ನಡುವೆ ಸಾಸಿವೆ ಗಾತ್ರದ ಮೊನೆಗಳು ಏಳುವಂತೆ ಚೌಕುಳಿ ಕೆತ್ತಿದ್ದರು. ಅರವತ್ತು ವರ್ಷದ ಬೆವರ ಕೈಗೆ ಅದು ಮುಕ್ಕಾಲು ಸವೆದಿತ್ತು. "ಅಂಗುಲಕ್ಕೆ ಹದಿನೆಂಟು ಗೀರು. ಎಣಿಸಿದೆ. ಇದನ್ನ ಮತ್ತೆ ಎಬ್ಬಿಸ್ಬೇಕು. ಹಬ್ಬದೊಳಗೆ ಕೊಡ್ತೀನಿ ಅಂತ ಜಬಾನ್ ಕೊಟ್ಟು ಬಂದಿದೀನಿ."

"ಯಾವ ಹಬ್ಬ?"

"ಅವರ ಜಿಂಕೆ ಹಬ್ಬ. ನವೆಂಬರ್ ಹದಿನೈದು. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಿದ್ರು."

ಸೀರಿಯಲ್ ತಿನ್ನುತ್ತಿದ್ದ ಫಲಕ್ ಬಟ್ಟಲಿಗೇ ನಕ್ಕಳು. ಹಮ್ಜಾನ ಮಗಳು, ಹೈಸ್ಕೂಲಿನ ಕೊನೆಯ ವರ್ಷ. "ದಾದಾ, ದಟ್ಸ್ ನಾಟ್ ಎ ಹಬ್ಬ. ಹಂಟಿಂಗ್ ಸೀಸನ್."

"ಗೋಡೆಗೆ ಹೊಸಾ ಕಿತ್ತಳೆ ಕೋಟು ನೇತು ಹಾಕಿದಾರೆ. ಮಾಂಸ ಇಡಕ್ಕೆ ಫ್ರೀಜರ್ ಖಾಲಿ ಮಾಡಿದಾರೆ. ಹೊಸ ಬಟ್ಟೆ, ಮಾಂಸ. ಹಬ್ಬ ಅಲ್ದೆ ಇನ್ನೇನಮ್ಮ?"

ಹಮ್ಜಾ ನಗಲಿಲ್ಲ. "ನಮ್ಮಂಥ ಹೆಸರಿನವರ ಮನೇಲಿ ಇವೆಲ್ಲ ಇರಬಾರ್ದು ಅಬ್ಬಾ. ವಾಪಸ್ ಕೊಟ್ಬಿಡಿ."

"ಜಬಾನ್ ಕೊಟ್ಟಾಗಿದೆ."

"ಬರೀ ಮರ ರೀ ಅದು," ಎಂದಳು ಲುಬ್ನಾ. "ಅದಕ್ಕಿಂತ ನನ್ನ ಲಟ್ಟಣಿಗೆ ಡೇಂಜರ್. ಕೂತ್ಕೊಳಿ, ಪರೋಟ ಆರುತ್ತೆ."

ಹಮ್ಜಾ ಕೂತ. ಹೆಸರಿನ ಭಯ ಸುಳ್ಳಾಗಿರಲಿಲ್ಲ. ಆದರೆ ಅದು ಅರ್ಧ ಮಾತ್ರ, ಉಳಿದರ್ಧವನ್ನು ಅಪ್ಪನ ಮುಂದೆ ಆಡುವಂತಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಗ್ಲೆಂಡೇಲ್ ಹೈಟ್ಸ್ ಎಂಬ ಊರಿನಲ್ಲಿ ಲುಬ್ನಾಳ ಅಣ್ಣಂದಿರ ಮುಂದೆ ಹೆಣ್ಣು ಕೇಳಲು ಕೂತಾಗ, ತಂದೆ ಏನು ಮಾಡ್ತಾರೆ ಎಂದು ಅವರು ಕೇಳಿದ್ದರು. ಮೈಸೂರಿನಲ್ಲಿ ಬೀಟೆ ಮರದ ಫ್ಯಾಕ್ಟರಿ ಇದೆ ಎಂದುಬಿಟ್ಟಿದ್ದ. ಮುಂದೆ ಈ ಕ್ಯಾಂಟನ್ ಊರಿಗೆ ಬಂದು ಮನೆ ಕೊಂಡ ಮೇಲೆ ಇಲ್ಲಿನ ಕನ್ನಡದವರ ಪಾಟ್‌ಲಕ್‌ಗಳಲ್ಲೂ ಅದೇ ಫ್ಯಾಕ್ಟರಿ ನಡೆಯಿತು. ಕೇಳುವವರಿಗೆ ಬೇಕಾದಷ್ಟು ಕೆಲಸಗಾರರೂ ಸೇರಿಕೊಂಡರು. ನಿಜವೆಂದರೆ ವಾಹಿದ್ ಸಾಹೇಬರು ಮಂಡಿ ಮೊಹಲ್ಲಾದಲ್ಲಿ ಇನ್ನೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ, ನೆಲದ ಮೇಲೆ ಕೂತು, ಹಲಗೆಯನ್ನು ಎರಡು ಪಾದಗಳ ನಡುವೆ ಕಚ್ಚಿ ಹಿಡಿದು, ಐವತ್ತೊಂದು ವರ್ಷ ಬೀಟೆ ಮರಕ್ಕೆ ಹಲಸಿನ ಚೂರಿನ ಆನೆ, ನವಿಲು ಕೂರಿಸಿದವರು. ತುಂಡಿಗಿಷ್ಟು ಎಂದು ಕೂಲಿ. ಮದುವೆಯಾದ ವಾರಕ್ಕೇ ಲುಬ್ನಾಗೆ ತಿಳಿಯಿತು. ಅಣ್ಣಂದಿರಿಗೆ ಹೇಳಲಿಲ್ಲ. ಗಂಡನನ್ನು ಮಾತ್ರ ಸುಮ್ಮನೆ ಬಿಡಲಿಲ್ಲ. ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ, "ಫ್ಯಾಕ್ಟರಿ ಮಾಲೀಕರ ಸೊಸೆಗೆ ಇಷ್ಟೂ ಇಲ್ವಾ?" ಎನ್ನುತ್ತಿದ್ದಳು.

ಉಳಿ ಹುಡುಕುವ ಕೆಲಸ ಮಾರನೆಯ ದಿನದಿಂದಲೇ ಶುರುವಾಯಿತು.

ಸಾಹೇಬರು ಮೈಸೂರಿನಿಂದ ತಂದದ್ದು ಮೂರು ಉಳಿ. ಅವು ಮರ ತೋಡಲಿಕ್ಕೆ ಸರಿ, ಇಂಥ ಗೀರಿಗೆ ಅಗಲ. ಫಲಕ್ ಸ್ಕೂಲು ಮುಗಿಸಿ ತಾತನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದಳು. ದೊಡ್ಡ ಹಾರ್ಡ್‌ವೇರ್ ಅಂಗಡಿಯವನು ಕರೆಂಟಿನಲ್ಲಿ ಗಿರ್ರೆಂದು ತಿರುಗುವ ಮೆಷಿನ್ ತೋರಿಸಿದ. ಸಾಹೇಬರು ಕಿವಿ ಮುಚ್ಚಿಕೊಂಡರು. ಪ್ಲಿಮತ್‌ನ ಹಳೆಯ ಬೀದಿಯ ಆಂಟಿಕ್ ಅಂಗಡಿಯಲ್ಲಿ ಚಂದದ ಹಿಡಿಕೆಯ ಉಳಿಗಳಿದ್ದವು, ಒಂದಕ್ಕೂ ಹರಿತವಾದ ಬಾಯಿ ಇರಲಿಲ್ಲ. ಗುರುವಾರ ಊಟದ ಹೊತ್ತಿಗೆ ಸಾಹೇಬರು ಜೇಬಿನಿಂದ ಒಂದು ಚೀಟಿ ತೆಗೆದು ಮಗನ ತಟ್ಟೆಯ ಪಕ್ಕ ಇಟ್ಟರು.

"ಇದನ್ನ ತರಿಸ್ಬೇಕಂತೆ. ಅಂಗಡಿಯವ್ರೇ ಬರ್ಕೊಟ್ರು."

"ಯಾವ ಅಂಗಡಿ?"

ಸಾಹೇಬರು ಮೊಮ್ಮಗಳ ಮುಖ ನೋಡಿದರು.

"ಗನ್ ಶಾಪ್," ಎಂದಳು ಫಲಕ್.

"ಗನ್ ಶಾಪಿಗೆ ಕರ್ಕೊಂಡ್ ಹೋಗಿದ್ಯಾ ಇವರನ್ನ? ಈ ಟೋಪಿಲಿ? ತಲೆ ಸರಿ ಇದೆಯಾ ನಿಂಗೆ?"

"ಡ್ಯಾಡ್, ಇಟ್ಸ್ ಮಿಶಿಗನ್. ಅಲ್ಲಿ ಒಬ್ಬರು ಅಜ್ಜಿ ಸಾಕ್ಸ್ ತಗೊಳ್ತಿದ್ರು. ದೇ ಲವ್ಡ್ ದಾದಾ."

"ಅವರು ಲವ್ ಮಾಡ್ಲಿ ಬಿಡ್ಲಿ, ಕ್ಯಾಮೆರಾ ಇರುತ್ತೆ ಅಲ್ಲಿ."

"ಇರ್ಲಿ," ಎಂದರು ನಜ್ಮುನ್ನೀಸಾ, ದಾಲ್ಚಾ ಬಡಿಸುತ್ತ. "ಇವರ ಮೂತಿ ಫೋಟೋ ತೆಗ್ದು ಯಾರು ಏನು ಮಾಡ್ಕೋತಾರೆ? ಪಾಸ್‌ಪೋರ್ಟ್‌ನವ್ನೇ ಮೂರು ಸಲ ತೆಗ್ದು ಸೋತ."

ಲುಬ್ನಾ ನಕ್ಕಳು. ಸಾಹೇಬರು ನಗದೆ ಫೋರ್ಕ್ ಎತ್ತಿಕೊಂಡರು. ಅವರು ಅದರಲ್ಲಿ ತಿಂದವರೇ ಅಲ್ಲ. ತಟ್ಟೆಯಲ್ಲಿ ಉಳಿದ ಖುಷ್ಕಾ ಅನ್ನವನ್ನು ಚಮಚೆಯ ಬೆನ್ನಿನಿಂದ ತಟ್ಟಿ ಸಮ ಮಾಡಿದರು.

"ನೋಡು ಹಮ್ಜಾ. ಒಂದು ಉಳಿಗೆ ಒಂದೇ ಸಾಲು ಹಲ್ಲು. ಅದು ಯಾರು ಬೇಕಾದ್ರೂ ಮಾಡ್ಕೋಬಹುದು. ಇನ್ನೊಂದಕ್ಕೆ ಎರಡು ಸಾಲು. ಒಂದು ಸಾಲು ಹಿಂದಿನ ಗೀರಲ್ಲಿ ಕೂತು ದಾರಿ ಹಿಡಿಯುತ್ತೆ, ಇನ್ನೊಂದು ಪಕ್ಕದಲ್ಲಿ ಹೊಸ ಗೀರು ಕೊರೆಯುತ್ತೆ. ಹಂಗೆ ಹೋದ್ರೆ ಅಂತರ ತಪ್ಪಲ್ಲ." ಫೋರ್ಕನ್ನು ಅನ್ನದ ಮೇಲೆ ಎಳೆದರು, ಮತ್ತೆ ಒಂದು ಹಲ್ಲನ್ನು ಹಳೆ ಗೀರಿನಲ್ಲಿ ಇಟ್ಟು ಎಳೆದರು. "ಎಂಥ ಬುದ್ಧಿವಂತ ಮಾಡಿದಾನೆ! ಐವತ್ತು ವರ್ಷ ನನಗೆ ಹೊಳೀಲಿಲ್ಲ ನೋಡು."

ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ಹಮ್ಜಾ ಈ ದೇಶಕ್ಕೆ ಕರೆಸಿಕೊಂಡ ಎರಡು ತಿಂಗಳಲ್ಲಿ ಕಂಡಿರಲಿಲ್ಲ. "ಆಯ್ತು, ನಾನೇ ಆರ್ಡರ್ ಮಾಡ್ತೀನಿ," ಎಂದ. ರಾತ್ರಿಯೇ ಮಾಡಿದ ಕೂಡ. ವಿಳಾಸ ಮಾತ್ರ ಮನೆಯದಲ್ಲ, ಪ್ಲಿಮತ್‌ನಲ್ಲಿದ್ದ ತನ್ನ ಆಫೀಸಿನದನ್ನು ಕೊಟ್ಟ.

ಪಾರ್ಸೆಲ್ ಮುಂದಿನ ಗುರುವಾರ ಆಫೀಸಿಗೆ ಬಂತು. ಅಂಗೈಯಗಲದ ರಟ್ಟಿನ ಪೆಟ್ಟಿಗೆ. ಅದನ್ನು ಮೇಜಿನ ಮೇಲಿಟ್ಟುಕೊಂಡೇ ಹಮ್ಜಾ ಲಂಚ್ ಡಬ್ಬಿ ತೆರೆದ. ಆಗ ಅದೇ ಸಬ್‌ಡಿವಿಷನ್ನಿನ ವಿಜಯ್ ಕುಮಾರ್ ಅವರ ಮೆಸೇಜ್ ಬಂತು. ಬಡಾವಣೆಯ ಗ್ರೂಪಿನಲ್ಲಿ ಯಾರೋ ಹಾಕಿದ್ದ ಫೋಟೋ. ಫುಟ್‌ಪಾತಿನಿಂದ ತೆಗೆದದ್ದು. ತೆರೆದ ಗ್ಯಾರೇಜು, ನೆಲದ ಮೇಲೆ ಬಿಳಿ ಟೋಪಿಯ ಮುದುಕ, ಪಾದಗಳ ನಡುವೆ ಬಂದೂಕಿನ ಹಿಡಿ. ಮಕ್ಕಳು ಸೈಕಲ್ ಹೊಡೆಯುವ ಬೀದಿ, ಕಾಳಜಿಯಿಂದ ಕೇಳುತ್ತಿದ್ದೇನೆ, ಇದು ಯಾರ ಮನೆ? ಎಂದು ಕೆಳಗೆ. ಐವತ್ತು ಉತ್ತರಗಳು. 'ಅದು ನನ್ನದು, ಒಂದು ತುಂಡು ಮರ, ಸುಮ್ಮನಿರಿ' ಎಂದು ಡೇಲ್ ಕೂಡ ಬರೆದಿದ್ದ. ವಿಜಯ್ ಕುಮಾರ್ ತಮ್ಮ ಪಾಲಿಗೆ ಒಂದು ಸಾಲು ಸೇರಿಸಿದ್ದರು: "ನಿಮ್ಮ ಫಾದರ್ ಅಲ್ವಾ ಹಮ್ಜಾ? ಫ್ಯಾಕ್ಟರಿ ಓನರ್ ಅಂದಿದ್ರಿ, ಕೆಲಸಾನೂ ಚೆನ್ನಾಗಿ ಬರೋ ಹಾಗಿದೆ!" ಜೊತೆಗೊಂದು ನಗುವ ಮುಖ.

ಹಮ್ಜಾ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಹಿಡಿ ಅವನ ಕಣ್ಣಿಗೆ ಬೀಳಲಿಲ್ಲ. ಪಾದಗಳು ಬಿದ್ದವು. ಬಿರುಕು ಬಿಟ್ಟ ಹಿಮ್ಮಡಿ, ಅಗಲಕ್ಕೆ ಚಾಚಿ ಮರವನ್ನು ಕಚ್ಚಿ ಹಿಡಿದ ಹೆಬ್ಬೆರಳು. ಡಬ್ಬಿ ಮುಚ್ಚಿ, ಪೆಟ್ಟಿಗೆ ಎತ್ತಿಕೊಂಡು ಪಾರ್ಕಿಂಗಿಗೆ ಹೋಗಿ, ಕಾರಿನ ಡಿಕ್ಕಿಯಲ್ಲಿ ಹಳೆಯ ಕಂಬಳಿಯ ಕೆಳಗೆ ತುರುಕಿದ. ಮಾತು ತಣ್ಣಗಾಗಲಿ, ನಾಲ್ಕು ದಿನ ಬಿಟ್ಟು ಕೊಟ್ಟರಾಯಿತು.

"ಉಳಿ ಬಂತಾ ಬೇಟಾ?" ಎಂದು ಸಂಜೆ ಸಾಹೇಬರು ಬಾಗಿಲಲ್ಲೇ ಕೇಳಿದರು.

"ಸ್ಟಾಕ್ ಇಲ್ವಂತೆ ಅಬ್ಬಾ. ಮೂರು ವಾರ ಅಂತಾರೆ." ಶೂ ಬಿಚ್ಚುತ್ತ ಹೇಳಿದ. "ಮತ್ತೆ, ಗ್ಯಾರೇಜಲ್ಲಿ ಕೂತ್ರೆ ಬಾಗಿಲು ಹಾಕ್ಕೊಳಿ. ನೆಲದ ಮೇಲೆ ಬೇಡ. ಕುರ್ಚಿ ಇದೆಯಲ್ಲ."

"ಕುರ್ಚಿ ಮೇಲೆ ಕೂತ್ರೆ ಕಾಲಿಗೆ ಕೆಲಸ ಎಲ್ಲಿ?"

"ಜನ ನೋಡ್ತಾರೆ."

"ನೋಡ್ಲಿ. ಕಲೀತಾರೆ."

"ಅಬ್ಬಾ, ನಾನು ಹೇಳಿದಷ್ಟು ಮಾಡಿ!" ಎಂದು ಹಮ್ಜಾ ಗದರಿದ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಸಾಹೇಬರು ಮಗನನ್ನು ಒಂದು ಗಳಿಗೆ ನೋಡಿ, "ಆಯ್ತಪ್ಪ," ಎಂದರು. ಅಂದಿನಿಂದ ಗ್ಯಾರೇಜಿನ ಬಾಗಿಲು ಹಾಕಿಯೇ ಇತ್ತು.

ಒಂದು ವಾರ ದಿನವೂ 'ಬಂತಾ' ಎಂದು ಕೇಳಿದರು. ಎರಡನೆಯ ವಾರ ಕೇಳುವುದು ಬಿಟ್ಟರು. ಒಂದು ಬುಧವಾರ ಲುಬ್ನಾ ಮಳೆಯಲ್ಲಿ ನೆನೆದು ಒಳಗೆ ಬಂದಳು.

"ನನ್ನ ಛತ್ರಿ ಎಲ್ಲಿ? ಫಲಕ್, ನಿಂದೂ ಇಲ್ವಲ್ಲ?"

ನಜ್ಮುನ್ನೀಸಾ ಬಾಯಿಗೆ ಸೆರಗು ಹಿಡಿದು ಗ್ಯಾರೇಜಿನ ಕಡೆ ಕಣ್ಣು ತಿರುಗಿಸಿದರು. ಅಲ್ಲಿ ಎರಡೂ ಛತ್ರಿಗಳು ಕೋಳಿ ಪುಕ್ಕ ಕಿತ್ತ ಹಾಗೆ ಬಟ್ಟೆ ಕಳಚಿ ಬಿದ್ದಿದ್ದವು.

"ಅಬ್ಬಾ! ನನ್ನ ಹೊಸ ಛತ್ರಿ!"

"ಹೊಸದಾಗಿದ್ರೇನಮ್ಮ, ಕಡ್ಡಿ ಪ್ಲಾಸ್ಟಿಕ್ಕು," ಎಂದರು ಸಾಹೇಬರು, ಮೋಸ ಹೋದವರು ತಾವೇ ಎಂಬಂತೆ. "ನಮ್ಮೂರಲ್ಲಿ ಹಳೇ ಛತ್ರಿ ಕಡ್ಡಿಯಿಂದ ಎಂಥೆಂಥ ಉಳಿ ಮಾಡ್ತಿದ್ವಿ! ಉಕ್ಕು ಅಂದ್ರೆ ಉಕ್ಕು. ಇಷ್ಟು ದೊಡ್ಡ ದೇಶ, ಒಂದು ಛತ್ರಿ ನೆಟ್ಟಗಿಲ್ಲ."

"ಫ್ಯಾಕ್ಟರಿ ನಡೆಸೋರ ಮನೇಲಿ ಕಚ್ಚಾ ಮಾಲಿಗೆ ನನ್ನ ಛತ್ರಿನೇ ಬೇಕಾಯ್ತಾ?" ಎಂದು ಲುಬ್ನಾ ನಗಾಡಿದಳು. ಹಮ್ಜಾ ತಟ್ಟೆಯಿಂದ ತಲೆ ಎತ್ತಲಿಲ್ಲ.

ಕೊನೆಗೆ ಫಲಕ್ ಯಾರದೋ ಗ್ಯಾರೇಜ್ ಸೇಲ್‌ನಲ್ಲಿ ಒಂದು ಡಾಲರಿಗೆ ಹಳೆಯ ಕರಿ ಛತ್ರಿ ತಂದುಕೊಟ್ಟಳು. ಅದರದು ಉಕ್ಕಿನ ಕಡ್ಡಿ. ಸಾಹೇಬರು ಬೆರಳುದ್ದ ಮುರಿದು, ಮೂರು ಮೂಲೆಯ ಅರದಿಂದ ಒಂದೊಂದೇ ಹಲ್ಲು ಉಜ್ಜಿ, ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿ, ಬಟ್ಟಲೆಣ್ಣೆಯಲ್ಲಿ ಅದ್ದಿದರು. ಭುಸ್ಸೆಂದು ಹೊಗೆ ಎದ್ದು ಮನೆಯ ಅಲಾರಾಂಗಳೆಲ್ಲ ಒಟ್ಟಿಗೆ ಕಿರುಚಿದವು. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ನ ಕೊರೆಯುವ ಚಳಿ. ನಜ್ಮುನ್ನೀಸಾ ಕಿಟಕಿಗಳನ್ನೆಲ್ಲ ತೆರೆದು ಸೆರಗು ಬೀಸುತ್ತ ಓಡಾಡಿದರು. "ಅಲ್ಲಿ ಐವತ್ತು ವರ್ಷ ಧೂಳು ಕುಡಿಸಿದ್ರಿ, ಇಲ್ಲಿ ಹೊಗೆ ಕುಡಿಸಿ!"

ಒಂದು ಸಾಲು ಹಲ್ಲಿನ ಉಳಿ ಸಿದ್ಧವಾಯಿತು. ಎರಡು ಸಾಲಿನದನ್ನು ಮಾಡಲಾಗಲಿಲ್ಲ. ಎರಡು ಕಡ್ಡಿಗಳನ್ನು ಜೋಡಿಸಿ ಕಟ್ಟಿದರು, ಎರಡು ಗೀರು ಎಳೆಯುವುದರೊಳಗೆ ಒಂದು ಜಾರುತ್ತಿತ್ತು. "ಇರ್ಲಿ, ಕಣ್ಣಳತೆ ಇದೆಯಲ್ಲ," ಎಂದು ಕೂತರು.

ಹಳೆಯ ಗೀರು ಉಳಿದಿದ್ದ ಎಡ ಮಗ್ಗುಲು ನಾಲ್ಕು ದಿನದಲ್ಲಿ ಎದ್ದು ನಿಂತಿತು. ಫಲಕ್ ಮುಟ್ಟಿ ನೋಡಿ, "ದಾದಾ, ಇಟ್ಸ್ ಲೈಕ್ ಎ ಕ್ಯಾಟ್ಸ್ ಟಂಗ್," ಎಂದಳು. ಬಲ ಮಗ್ಗುಲಲ್ಲಿ ಗೀರೆಲ್ಲ ಅಳಿಸಿ ಮರ ನುಣ್ಣಗಾಗಿತ್ತು. ಅಲ್ಲಿ ಹಿಡಿದು ನಡೆಯಲು ದಾರಿ ಇರಲಿಲ್ಲ.

ಅಕ್ಟೋಬರ್ ಮುಗಿಯುವ ವಾರ, ಒಂದು ಸಂಜೆ ಹಮ್ಜಾ ಕಾರನ್ನು ಗ್ಯಾರೇಜಿಗೆ ತಂದ. ಸಾಹೇಬರು ನೆಲದ ಮೇಲೇ ಇದ್ದರು. ಕಾರಿಗೆ ಜಾಗ ಬಿಡಲು ಚಾಪೆಯೊಂದಿಗೆ ಗೋಡೆಗೆ ಸರಿದರು. ಎಂಜಿನ್ ಆರಿಸಿ ಕೆಳಗಿಳಿದಾಗ ಅವರು ಕಾರಿನ ಹಿಂದಿನ ಬಂಪರಿಗೇ ಬೆನ್ನು ಕೊಟ್ಟು ಕೂತಿದ್ದು ಕಂಡಿತು. ಡಿಕ್ಕಿಯ ತಗಡು, ಕಂಬಳಿ, ಪೆಟ್ಟಿಗೆ; ಅಪ್ಪನ ಬೆನ್ನಿನಿಂದ ಎರಡು ಗೇಣು ದೂರ.

"ಬಂಪರ್ ಸ್ವಲ್ಪ ಬೆಚ್ಚಗಿದೆ, ಒರಗಿಕೊಳ್ತೀನಿ," ಎಂದರು ಸಾಹೇಬರು. "ನಿಂಗೆ ತೊಂದ್ರೆ ಇಲ್ಲ ತಾನೆ?"

"ಇಲ್ಲ."

ಈಗ ಕೊಟ್ಟರೆ ಇಷ್ಟು ದಿನ ಎಲ್ಲಿತ್ತು ಎನ್ನುತ್ತಾರೆ. ನಾಳೆ ಕೊಟ್ಟರೂ ಅದೇ ಪ್ರಶ್ನೆ, ಒಂದು ದಿನ ಹೆಚ್ಚಿನ ಬಡ್ಡಿಯೊಂದಿಗೆ. ಹಮ್ಜಾ ಒಳಗೆ ಹೋಗಿ ಕೈ ತೊಳೆದು ಊಟಕ್ಕೆ ಕೂತ.

ನವೆಂಬರ್ ಎಂಟು, ಶನಿವಾರ. ಬೆಳಿಗ್ಗೆ ನಜ್ಮುನ್ನೀಸಾ ಮಗನ ಮುಂದೆ ಚಹಾ ಇಟ್ಟು ಪಿಸುಗುಟ್ಟಿದರು. "ಎರಡು ದಿನದಿಂದ ಸರಿಯಾಗಿ ತಿಂತಿಲ್ಲ. ಹೋಗಿ ನೋಡು."

ಹಮ್ಜಾ ಹೋಗಿ ನೋಡಿದ. ಹಿಡಿ ಚಾಪೆಯ ಮೇಲಿತ್ತು. ಸಾಹೇಬರು ಅದನ್ನು ಮುಟ್ಟದೆ ಕೂತಿದ್ದರು. ಬಲ ಮಗ್ಗುಲಿನ ಗೀರುಗಳು ಹೊರಟಾಗ ಸರಿಯಾಗಿಯೇ ಹೊರಟಿದ್ದವು. ಒಂದೊಂದು ಗೀರಿಗೆ ಕೂದಲೆಳೆಯಷ್ಟು ವ್ಯತ್ಯಾಸ. ಇಪ್ಪತ್ತನೆಯ ಗೀರಿಗೆ ಬರುವಷ್ಟರಲ್ಲಿ ಅಕ್ಕಿಕಾಳಿನಷ್ಟು. ಅಡ್ಡ ಗೀರು ಹಾಯ್ದಾಗ ಚೌಕುಳಿ ಒಂದು ತುದಿಯಲ್ಲಿ ಸಾಸಿವೆ, ಇನ್ನೊಂದು ತುದಿಯಲ್ಲಿ ಮೆಂತ್ಯ. ಒಂದು ಗೀರು ಅಂಚು ದಾಟಿ ಹೊರಗೆ ಓಡಿತ್ತು.

"ಚೆನ್ನಾಗೇ ಇದೆ ಅಬ್ಬಾ," ಎಂದ ಹಮ್ಜಾ.

"ಸುಳ್ಳು ಹೇಳ್ಬೇಡ," ಎಂದರು ಸಾಹೇಬರು.

ಮಧ್ಯಾಹ್ನ ಹಮ್ಜಾ ಅಮ್ಮನನ್ನು ಕರೆದುಕೊಂಡು ಡಿಯರ್‌ಬಾರ್ನಿಗೆ ಮಾಂಸ ತರಲು ಹೋಗಿ ಬಂದ. ಆಫೀಸಿನಿಂದ ಫೋನ್ ಬಂತೆಂದು ಡ್ರೈವ್‌ವೇಯಲ್ಲೇ ಮಾತಾಡುತ್ತ ನಿಂತ. ಫೋನ್ ಮುಗಿಸಿ ಒಳಗೆ ಬಂದಾಗ ಊಟದ ಮೇಜಿನ ಮೇಲೆ ಮಾಂಸದ ಚೀಲ, ಈರುಳ್ಳಿ ಮೂಟೆ, ಅವುಗಳ ಪಕ್ಕ ರಟ್ಟಿನ ಪೆಟ್ಟಿಗೆ.

"ಕಂಬಳಿ ಒಗೆಯಕ್ಕೆ ತೆಗ್ದೆ, ಕೆಳಗೆ ಇದಿತ್ತು," ಎಂದರು ನಜ್ಮುನ್ನೀಸಾ, ಅಡುಗೆ ಕತ್ತರಿಯಿಂದ ಟೇಪು ಕೊಯ್ಯುತ್ತ. "ಚಾಕು ಗೀಕು ಏನಾದ್ರೂನಾ?"

ಮರದ ಹಿಡಿಕೆಯ ನಾಲ್ಕು ಸಣ್ಣ ಉಳಿಗಳು ಮೇಜಿನ ಮೇಲೆ ಉರುಳಿದವು. ಒಂದಕ್ಕೆ ಎರಡು ಸಾಲು ಹಲ್ಲು.

ಫಲಕ್ ಪೆಟ್ಟಿಗೆಯ ಮೇಲೆ ಆಫೀಸಿನವರು ಅಂಟಿಸಿದ್ದ ಚೀಟಿ ಓದಿದಳು. "ಅಕ್ಟೋಬರ್ ನೈನ್ತ್. ಡ್ಯಾಡ್, ಇದು ಅಕ್ಟೋಬರ್ ಒಂಬತ್ತಕ್ಕೇ ಬಂದಿದೆ."

"ಅದು..."

"ಯೂ ಸೆಡ್ ಔಟ್ ಆಫ್ ಸ್ಟಾಕ್."

"ಆ ಫೋಟೋ ನೋಡಿದ್ಯಲ್ಲ ನೀನು, ಜನ ಏನೇನು ಬರೆದಿದ್ರು..."

"ಫೋಟೋಗೂ ಉಳಿಗೂ ಏನ್ರೀ ಸಂಬಂಧ?" ಎಂದಳು ಲುಬ್ನಾ. ಈ ಸಲ ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ಬಂದೂಕು ಅಂತ ಹೆದರಿದ್ರಿ, ಸರಿ. ಹೆದರೋನು ಬಂದೂಕಿನ ಹಿಡಿ ವಾಪಸ್ ಕೊಡಿಸ್ತಾನೆ. ಉಳಿ ಯಾಕೆ ಬಚ್ಚಿಡ್ತಾನೆ? ಅಬ್ಬ ಕೂಲಿ ಕೆಲಸದವ್ರು ಅಂತ ಕಾಣ್ಬಾರ್ದು, ಅಷ್ಟೇ ತಾನೆ? ಹತ್ತೊಂಬತ್ತು ವರ್ಷದಿಂದ ನಾನು ನಗಾಡ್ತಾ ಬಂದೆ. ನಗಾಡಿದ್ದೇ ತಪ್ಪಾಯ್ತು."

"ಲುಬ್ನಾ, ಮೆಲ್ಲಗೆ."

"ಯಾರಿಗೆ ಮೆಲ್ಲಗೆ? ಅಲ್ಲೇ ನಿಂತಿದಾರೆ ನೋಡಿ."

ಸಾಹೇಬರು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಬಂದು ಎರಡು ಸಾಲಿನ ಉಳಿಯನ್ನು ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು. ಹಲ್ಲುಗಳನ್ನು ಉಗುರಿನ ಮೇಲೆ ಎಳೆದು ನೋಡಿದರು. "ಒಳ್ಳೇ ಮಾಲು," ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಮಾಂಸ ಮೇಜಿನ ಮೇಲಿದೆ, ಕೆಡುತ್ತೆ. ಮೊದಲು ಅಡುಗೆ ನೋಡು," ಎಂದರು.

ಆ ರಾತ್ರಿ ಖೀಮಾ ಮಾಡಿದ್ದರು. ಸಾಹೇಬರು ಎರಡು ದಿನದ ಮೇಲೆ ನೆಟ್ಟಗೆ ಊಟ ಮಾಡಿದರು. ಮಗನಿಗೆ ಇನ್ನಷ್ಟು ಬಡಿಸೆಂದು ಸೊಸೆಗೆ ಸನ್ನೆಯನ್ನೂ ಮಾಡಿದರು. ಅದೊಂದನ್ನು ಮಾತ್ರ ಹಮ್ಜಾಗೆ ನುಂಗಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಒಂದು ತುಂಡು ಹಲಗೆಯ ಮೇಲೆ ಹೊಸ ಉಳಿ ಓಡಿಸಿ ನೋಡಿದರು. ಗೀರುಗಳು ಬಾಚಣಿಗೆ ಎಳೆದ ಹಾಗೆ ಬಂದವು. ಹಮ್ಜಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಇನ್ನೂ ಆರು ದಿನ ಇದೆ ಅಬ್ಬಾ. ನಾನು ರಜಾ ಹಾಕ್ತೀನಿ. ಅದನ್ನ ಉಜ್ಜಿ ತೆಗೆದು..."

"ಉಜ್ಜಿದ್ರೆ ಹಿಡಿಯ ಸೊಂಟ ತೆಳ್ಳಗಾಗುತ್ತೆ. ಅದು ಅವರಪ್ಪನ ಕೈ ಅಳತೆ. ಅದನ್ನ ಕೆಡಿಸೋ ಹಕ್ಕು ನಂಗಿಲ್ಲ." ಸಾಹೇಬರು ಮಂಡಿ ಹಿಡಿದುಕೊಂಡು ಎದ್ದರು. "ಇವತ್ತೇ ಕೊಟ್ಟು ಬರೋಣ. ಹಬ್ಬದ ಹಿಂದಿನ ದಿನ ಕೈಕೊಟ್ರೆ ಅವರು ಏನು ಮಾಡ್ಬೇಕು? ನೀನು ಬಾ. ನನ್ನ ಇಂಗ್ಲಿಷ್ ಸಾಲದು."

ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ಎರಡು ಮನೆಗಳ ನಡುವಿನ ಹುಲ್ಲಿನ ಮೇಲೆ ನಡೆಯುತ್ತ ಹೇಳಿದರು. "ನಾನು ಹೇಳಿದ್ದನ್ನ ಹೇಳು. ಹೆಚ್ಚಿಲ್ಲ, ಕಮ್ಮಿ ಇಲ್ಲ. ನಾನು ಕೆಡಿಸಿದೆ. ಕಣ್ಣು ಮೊದಲಿನ ಹಾಗಿಲ್ಲ, ತಿಳೀದೆ ಒಪ್ಕೊಂಡೆ. ಮಾಫಿ ಕೇಳ್ತೀನಿ. ಅಷ್ಟೇ."

ಡೇಲ್ ಗ್ಯಾರೇಜಿನಲ್ಲಿ ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಅರವತ್ತು ದಾಟಿದ ದಪ್ಪ ಮನುಷ್ಯ. ಸಾಹೇಬರನ್ನು ಕಂಡದ್ದೇ ಎದ್ದು ಕೈ ಒರೆಸಿಕೊಂಡು ಕುಲುಕಿದ. ಸಾಹೇಬರು ಎರಡೂ ಕೈಯಲ್ಲಿ ಹಿಡಿಯನ್ನು ಕೊಟ್ಟು, ಬಲ ಮಗ್ಗುಲನ್ನು ತಾವೇ ಮೇಲೆ ತಿರುಗಿಸಿ, ಕೆಟ್ಟ ಜಾಗದ ಮೇಲೆ ಬೆರಳಿಟ್ಟರು. ಮಗನ ಕಡೆ ನೋಡಿದರು.

ಹಮ್ಜಾ ಇಂಗ್ಲಿಷಿನಲ್ಲಿ ಹೇಳಿದ. ಅಪ್ಪ ಕೆಡಿಸಿದರಂತೆ. ಕಣ್ಣು ಮೊದಲಿನ ಹಾಗಿಲ್ಲವಂತೆ. ಕ್ಷಮೆ ಕೇಳುತ್ತಾರಂತೆ. ಪ್ರತಿ ವಾಕ್ಯಕ್ಕೂ ಸಾಹೇಬರು ತಲೆಯಾಡಿಸಿದರು.

ಡೇಲ್ ಬಹಳ ಹೊತ್ತು ಹಿಡಿಯನ್ನು ನೋಡಿದ. ಎಡ ಮಗ್ಗುಲನ್ನು ಸವರಿದ, ಬಲ ಮಗ್ಗುಲನ್ನು ಸವರಿದ. ಮುಖದಲ್ಲಿ ಏನೋ ಬಂದು ಹೋಯಿತು. "ಪರವಾಗಿಲ್ಲ," ಎಂದ. "ಜಿಂಕೆ ಬಂದು ಗೀರು ಎಣಿಸೋದಿಲ್ಲ ಅಂತ ಹೇಳಿ ಅವರಿಗೆ."

ಹಮ್ಜಾ ಹೇಳಿದ. ಸಾಹೇಬರು ನಗಲಿಲ್ಲ.

"ಒಂದು ಮಾತು," ಎಂದ ಡೇಲ್, ಎಡ ಮಗ್ಗುಲನ್ನು ಮತ್ತೆ ಬೆಳಕಿಗೆ ಹಿಡಿಯುತ್ತ. "ಈ ಕಡೆ ಇಷ್ಟು ಚೆನ್ನಾಗಿ ಮಾಡಿದವರು ಆ ಕಡೆ ಹೇಗೆ ತಪ್ಪಿದರು? ಅವರಿಗೆ ಸರಿಯಾದ ಟೂಲ್ಸ್ ಸಿಕ್ಕಿತ್ತಾ? ನೀವು ಆರ್ಡರ್ ಮಾಡಿದ್ದೀರಿ ಅಂತ ಫಲಕ್ ಹೇಳ್ತಿದ್ದಳಲ್ಲ."

ಟೂಲ್ಸ್ ಎಂಬ ಮಾತು ಸಾಹೇಬರಿಗೆ ತಿಳಿಯಿತು. ಅಂಗಡಿ ಅಂಗಡಿಯಲ್ಲಿ ಅವರು ಆಡಿದ್ದೇ ಆ ಮಾತು. ಅವರು ಮಗನತ್ತ ತಿರುಗಿದರು. ಸಿಟ್ಟಿನಿಂದಲ್ಲ, ಊಟಕ್ಕೆ ಕರೆದು ತಟ್ಟೆ ಹಾಕಿ ಕಾಯುವವರ ಹಾಗೆ.

"ಮಾಡಿದ್ದೆ," ಎಂದ ಹಮ್ಜಾ. ಕಿವಿ ಕಾದಿತ್ತು. "ಬರಲೇ ಇಲ್ಲ."

ಸಾಹೇಬರು ಮಗನ ಮುಖದಿಂದ ಕಣ್ಣು ತೆಗೆದರು. ಡೇಲ್ ಕಡೆ ನೋಡಿ, ತಮ್ಮಲ್ಲಿದ್ದ ಇಂಗ್ಲಿಷನ್ನು ಒಟ್ಟು ಮಾಡಿ ಹೇಳಿದರು. "ನೋ ಟೂಲ್. ನಾಟ್ ಕಮ್."

"ದರಿದ್ರ ಅಂಗಡಿಗಳು!" ಎಂದು ಡೇಲ್ ರೇಗಿದ. "ದುಡ್ಡು ವಾಪಸ್ ಕೇಳಿ, ಬಿಡಬೇಡಿ."

"ಕೇಳ್ತೀನಿ," ಎಂದ ಹಮ್ಜಾ.

ಡೇಲ್ ಮತ್ತೆ ಕೈ ಕುಲುಕಿದ. ಇಬ್ಬರೂ ಹೊರಗೆ ಬಂದರು. ಹುಲ್ಲಿನ ಅರ್ಧ ದಾರಿಯಲ್ಲಿ ಹಮ್ಜಾ ನಿಂತ.

"ಅಬ್ಬಾ. ನಾನು ನಿಜ ಹೇಳಬೇಕಿತ್ತು."

"ನಂಗ್ಯಾಕೆ ಹೇಳ್ತೀಯ? ನಂಗೆ ಗೊತ್ತಿದೆ." ಸಾಹೇಬರು ಹಿಂದಕ್ಕೆ ಗದ್ದ ತೋರಿಸಿದರು. "ಆ ಮನೆ ಎಲ್ಲೂ ಹೋಗಿಲ್ಲ. ಬಾಗಿಲೂ ತೆಗೆದೇ ಇದೆ." ಅಷ್ಟು ಹೇಳಿ ನಡೆದುಬಿಟ್ಟರು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ನಜ್ಮುನ್ನೀಸಾ ತೆರೆದು ಹಿಡಿದಿದ್ದ ಬಾಗಿಲಿನಿಂದ ಒಳಗೆ ಹೋದರು.

ಹಮ್ಜಾ ಅಲ್ಲೇ ನಿಂತಿದ್ದ. ಡೇಲ್ ಗ್ಯಾರೇಜಿಗೆ ಹದಿನೈದು ಹೆಜ್ಜೆ ಇದ್ದೀತು. ಎಲೆ ಗುಡಿಸುವ ಕುಂಟೆ ಹಿಡಿದು ಹೊರಗೆ ಬಂದ ಡೇಲ್ ಅವನನ್ನು ನೋಡಿದ.

"ಏನಾದ್ರೂ ಬಿಟ್ಟು ಹೋದ್ರಾ?" ಎಂದು ಕೂಗಿ ಕೇಳಿದ.

"ಇಲ್ಲ, ಏನಿಲ್ಲ," ಎಂದ ಹಮ್ಜಾ.

ಡೇಲ್ ಸರಿ ಎಂಬಂತೆ ಹೆಬ್ಬೆರಳೆತ್ತಿ ತೋರಿಸಿದ. ಹಮ್ಜಾ ತಾನೂ ಎತ್ತಿದ. ಡೇಲ್ ಬೆನ್ನು ತಿರುಗಿಸುವವರೆಗೂ ಇಳಿಸಲಿಲ್ಲ.